ಎರಡು ತಂತಿ, ಒಂದು ಎಳೆತ

ಹ್ಯಾಂಡಲ್ ಕೈಗೆ ಬಂದು ಮೂರು ಸುತ್ತು ಆಗುವಷ್ಟರಲ್ಲಿ ನನ್ನ ಮುಂಗೈ ಸೋತುಬಂತು. ವಿಮಾನದ ತೂಕ ಹೆಚ್ಚೆಂದರೆ 1.8 ಕಿಲೋ. ಅದು ನನ್ನಿಂದ 20 ಮೀಟರ್ ದೂರದಲ್ಲಿ, ಹುಲ್ಲಿನಿಂದ ಎದೆಯೆತ್ತರದಲ್ಲಿ, ಎಡಕ್ಕೆ ಸುತ್ತುತ್ತಲೇ ಇತ್ತು. ಕೈಗೆ ತಗಲುತ್ತಿದ್ದ ಎಳೆತ ಮಾತ್ರ ಐದು ಕಿಲೋ ಅಕ್ಕಿಯ ಚೀಲವನ್ನು ಒಂದೇ ಕೈಯಲ್ಲಿ ಹಿಡಿದು ನಿಂತಷ್ಟಿತ್ತು, ಅದೂ ಕೆಳಕ್ಕಲ್ಲ, ಅಡ್ಡಕ್ಕೆ. ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳದ ಕೆಡೆಟ್ ಆಗಿದ್ದಾಗ ಇದೇ ಎಳೆತಕ್ಕೆ ನಾನು ಮರುಳಾಗಿದ್ದೆ. ಆಮೇಲೆ ಓದು, ಕೆಲಸ, ಸಂಸಾರ. ಮೂವತ್ತೊಂದು ವರ್ಷ ಹ್ಯಾಂಡಲ್ ಮುಟ್ಟಿರಲಿಲ್ಲ. ಕೆಲಸದ ಮೇಲೆ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿದ್ದಾಗ ಒಂದು ಭಾನುವಾರ ಊರಾಚೆಯ ಬಯಲಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಹಾರಿಸುವುದನ್ನು ನೋಡುತ್ತ ನಿಂತುಬಿಟ್ಟೆ. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ಮುಂದಿನ ಹಾರಾಟಕ್ಕೆ ನನ್ನನ್ನೂ ವೃತ್ತದ ನಡುವಿಗೆ ಕರೆದೊಯ್ದರು. ತಾವೇ ಏರಿಸಿ, ಸಮಮಟ್ಟಕ್ಕೆ ತಂದು, ಮಣಿಕಟ್ಟಿನ ಪಟ್ಟಿ ಸಮೇತ ಹ್ಯಾಂಡಲನ್ನು ನನ್ನ ಕೈಗೆ ದಾಟಿಸಿದರು.

ರೇಡಿಯೋ ವಿಮಾನಗಳನ್ನೂ ಡ್ರೋನ್‌ಗಳನ್ನೂ ನೋಡಿ ಬೆಳೆದವರಿಗೆ ತಂತಿ ಕಟ್ಟಿ ಹಾರಿಸುವ ವಿಮಾನ ಹಳೆಯ ಕಾಲದ ಆಟಿಕೆಯಂತೆ ಕಾಣಬಹುದು. ರೇಡಿಯೋದಲ್ಲಿ ಆಜ್ಞೆ ಒಂದೇ ದಿಕ್ಕಿಗೆ ಹೋಗುತ್ತದೆ. ವಿಮಾನಕ್ಕೆ ಏನಾಗುತ್ತಿದೆ ಎಂಬುದನ್ನು ಹಾರಿಸುವವನು ಕಣ್ಣಿನಿಂದಷ್ಟೇ ತಿಳಿಯಬೇಕು. ತಂತಿಯ ಪದ್ಧತಿಯಾದ ಕಂಟ್ರೋಲ್ ಲೈನ್‌ನಲ್ಲಿ ಹಾಗಲ್ಲ. ಕೈಯಿಂದ ವಿಮಾನಕ್ಕೆ ಆಜ್ಞೆ ಹೋಗುವ ತಂತಿಯಲ್ಲೇ ವಿಮಾನದಿಂದ ಕೈಗೆ ಉತ್ತರವೂ ಬರುತ್ತದೆ. ಒಕ್ಕಣೆಯ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳು ತಿರುಗುವುದನ್ನು ನೋಡಿದವರು ಈ ಹಾರಾಟದ ನಕ್ಷೆಯನ್ನು ಕೂಡಲೇ ಊಹಿಸಿಕೊಳ್ಳಬಲ್ಲರು. ಇಲ್ಲಿ ಹಾರಿಸುವವನೇ ಮೇಟಿ. ಕಣ ಮಾತ್ರ ನೆಲದ ಮೇಲಿನ ವೃತ್ತವಲ್ಲ, ಬೋರಲು ಹಾಕಿದ ಬೋಗುಣಿಯಂತಿರುವ ಅರ್ಧಗೋಳ. ವಿಮಾನ ಆ ಗೋಳದ ಮೈಮೇಲೆ ಎಲ್ಲಿ ಬೇಕಾದರೂ ಗೆರೆ ಎಳೆಯಬಹುದು. ಒಳಕ್ಕೂ ಹೊರಕ್ಕೂ ಹೋಗುವಂತಿಲ್ಲ.

ಒಳಗಿನ ಯಂತ್ರ ಬಹಳ ಸರಳ. ರೆಕ್ಕೆಯೊಳಗೆ ತಕ್ಕಡಿಯ ದಂಡಿಗೆಯನ್ನು ಮಲಗಿಸಿಟ್ಟಂಥ ಒಂದು ಸನ್ನೆ ಇರುತ್ತದೆ, ಅದಕ್ಕೆ ಬೆಲ್‌ಕ್ರ್ಯಾಂಕ್ ಎನ್ನುತ್ತಾರೆ. ನಡುವಿನ ಗೂಟದ ಮೇಲೆ ಅದು ತಿರುಗುತ್ತದೆ. ಅದರ ಎರಡು ತುದಿಗಳಿಂದ ಎರಡು ಉಕ್ಕಿನ ತಂತಿಗಳು ಎಡರೆಕ್ಕೆಯ ತುದಿಯ ತೂತುಗಳ ಮೂಲಕ ಹೊರಬಂದು ಹ್ಯಾಂಡಲ್‌ನ ಮೇಲ್ತುದಿಗೂ ಕೆಳತುದಿಗೂ ಸೇರುತ್ತವೆ. ಮೂರನೆಯ ತೋಳಿನಿಂದ ಒಂದು ಸರಳು ಬಾಲದ ಎಲಿವೇಟರ್‌ಗೆ ಹೋಗುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ಮೂತಿ ಮೇಲೆ, ಮುಂದಕ್ಕೆ ಬಾಗಿಸಿದರೆ ಮೂತಿ ಕೆಳಗೆ. ತಂತಿಗಳು ತಲೆಗೂದಲಿಗಿಂತ ಕೆಲವು ಪಟ್ಟಷ್ಟೇ ದಪ್ಪ, ಸುಮಾರು 0.4 ಮಿಲಿಮೀಟರ್, ಸಣ್ಣ ಸಣ್ಣ ಎಳೆಗಳನ್ನು ಹುರಿ ಮಾಡಿ ಹೊಸೆದ ತುಕ್ಕು ಹಿಡಿಯದ ಉಕ್ಕು. ಸ್ಪರ್ಧೆಯಲ್ಲಿ ಹಾರಾಟಕ್ಕೆ ಮುಂಚೆ ವಿಮಾನದ ತೂಕದ ಹತ್ತು ಪಟ್ಟು ಬಲ ಹಾಕಿ ಎಳೆದು ಪರೀಕ್ಷಿಸುತ್ತಾರೆ. ಉಕ್ಕಿನಲ್ಲಿ ವಿದ್ಯುತ್ ಹರಿಯುತ್ತದಾದ್ದರಿಂದ ಕರೆಂಟ್ ತಂತಿಗಳ ಹತ್ತಿರ ಈ ವಿಮಾನವನ್ನು ಹಾರಿಸುವುದು ಪ್ರಾಣಕ್ಕೇ ಅಪಾಯ. ಹೊಸಬರಿಗೆ ಮೊದಲು ಹೇಳಬೇಕಾದ ಮಾತು ಇದೇ.

ಈ ವ್ಯವಸ್ಥೆಯನ್ನು ಅಮೆರಿಕದಲ್ಲಿ ಮನೆಮಾತಾಗಿಸಿದವನು ಒರೆಗಾನ್‌ನ ಪೋರ್ಟ್‌ಲೆಂಡಿನ ಜಿಮ್ ವಾಕರ್. 1940ರ ದಶಕದ ಆರಂಭದಲ್ಲಿ ಅವನು ಫೈರ್‌ಬಾಲ್ ಎಂಬ ವಿಮಾನವನ್ನೂ ‘ಯು-ಕಂಟ್ರೋಲ್’ ಎಂಬ ಹೆಸರನ್ನೂ ಮಾರುಕಟ್ಟೆಗೆ ತಂದು ಪೇಟೆಂಟ್ ಪಡೆದ. ಎರಡು ಕೈಯಲ್ಲಿ ಎರಡು, ತಲೆಗೆ ಕಟ್ಟಿಕೊಂಡು ಮೂರನೆಯದು, ಹೀಗೆ ಏಕಕಾಲಕ್ಕೆ ಮೂರು ವಿಮಾನ ಹಾರಿಸಿ ತೋರಿಸುತ್ತಿದ್ದ. ಆದರೆ 1955ರಲ್ಲಿ ಪೇಟೆಂಟ್ ವ್ಯಾಜ್ಯ ಕೋರ್ಟಿಗೆ ಹೋದಾಗ, ಅದೇ ಒರೆಗಾನ್‌ನ ಓಬಾ ಸೇಂಟ್ ಕ್ಲೇರ್ ಎಂಬಾತ 1930ರ ದಶಕದಲ್ಲೇ ಇಂಥದೇ ಸನ್ನೆಯಿಂದ ವಿಮಾನ ಹಾರಿಸಿದ್ದ ಸಂಗತಿ ಹೊರಬಂದು ವಾಕರ್ ಸೋತ. ಇತ್ತ ಟೆಕ್ಸಸ್‌ನ ಸ್ಟಾಂಜೆಲ್ ಸಹೋದರರು ಒಂದೇ ತಂತಿಯ ಪದ್ಧತಿಯನ್ನು ಬೇರೆಯಾಗಿ ಬೆಳೆಸಿದ್ದರು. ಯಾರು ಮೊದಲಿಗರು ಎಂಬ ಜಗಳಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ: ಎಂಬತ್ತು ವರ್ಷಗಳಾದರೂ ಎರಡು ತಂತಿ, ಒಂದು ಸನ್ನೆ, ಒಂದು ಹಿಡಿಕೆ ಹಾಗೇ ಉಳಿದಿವೆ. ಮೂರು ದಶಕದ ನಂತರ ಮರಳಿದ ನನ್ನ ಕೈಗೆ ಕಲಿಯಲು ಹೊಸ ಗುಂಡಿಗಳೇನೂ ಇರಲಿಲ್ಲ.

ಆ ಐದು ಕಿಲೋ ಎಲ್ಲಿಂದ ಬಂತು? ವಿಮಾನ ಒಂದು ಸುತ್ತಿಗೆ ಐದು ಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. 5.2 ಸೆಕೆಂಡ್ ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ 24 ಮೀಟರ್, ಗಂಟೆಗೆ 87 ಕಿಲೋಮೀಟರ್. ಆ ವೇಗದಲ್ಲಿ ಹೋಗುವ ವಸ್ತು ತನ್ನಷ್ಟಕ್ಕೆ ನೇರ ಹೋಗಿಬಿಡುತ್ತದೆ. ಅದನ್ನು ಕ್ಷಣಕ್ಷಣಕ್ಕೂ ಒಳಕ್ಕೆ ತಿರುಗಿಸಿದರೆ ಮಾತ್ರ ವೃತ್ತ. ವೇಗದ ವರ್ಗವನ್ನು ತಂತಿಯ ಉದ್ದದಿಂದ ಭಾಗಿಸಿ. ಗುರುತ್ವದ ಮೂರು ಪಟ್ಟಿನಷ್ಟು ಬರುತ್ತದೆ. ಅಂದರೆ ವಿಮಾನದ ತೂಕದ ಮೂರು ಪಟ್ಟು ಎಳೆತ, ಐದು ಕಿಲೋಗಿಂತ ಸ್ವಲ್ಪ ಮೇಲೆ. ಕವಣೆ ಬೀಸಿದವರಿಗೆ ಇದು ಹೊಸ ಮಾತಲ್ಲ.

ವಿಮಾನವನ್ನು ತಲೆಯ ಮೇಲಕ್ಕೆ ಒಯ್ದಾಗ ಲೆಕ್ಕ ಬೇರೆಯಾಗುತ್ತದೆ. ಹಾಲಿನ ಕ್ಯಾನನ್ನು ತೋಳುದ್ದ ಬೀಸಿ, ತಲೆಯ ಮೇಲೆ ಬೋರಲಾದರೂ ಹಾಲು ಚೆಲ್ಲದಂತೆ ತಿರುಗಿಸುವ ಆಟ ನಮ್ಮಲ್ಲಿ ಯಾವ ಹುಡುಗ ಆಡಿಲ್ಲ? ನಿಧಾನ ಮಾಡಿದರೆ ತಲೆಯ ಮೇಲೇ ಅಭಿಷೇಕ. ವಿಮಾನಕ್ಕೂ ಅದೇ ನಿಯಮ. ನೆತ್ತಿಯ ನೇರಕ್ಕೆ ಬಂದಾಗ ಗುರುತ್ವ ಅದನ್ನು ನನ್ನ ಕಡೆಗೇ ಎಳೆಯುವುದರಿಂದ ಮೂರು ಪಟ್ಟಿನಲ್ಲಿ ಒಂದು ಪಟ್ಟು ಕಳೆದುಹೋಗುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಏರುವಾಗ ವೇಗವೂ ಕುಸಿಯುತ್ತದೆ. ಸೆಕೆಂಡಿಗೆ 24 ಮೀಟರ್ ಇದ್ದದ್ದು 20ಕ್ಕೆ ಇಳಿದರೆ ಕೈಗೆ ಸಿಗುವ ಎಳೆತ ಎರಡು ಕಿಲೋಗಿಂತ ಕಡಿಮೆ. 14ಕ್ಕೆ ಇಳಿದರೆ ಸೊನ್ನೆ. ಆ ಹಂತದಲ್ಲಿ ತಂತಿ ಜೋಲುತ್ತದೆ. ಜೋತ ತಂತಿಯ ತುದಿಯಲ್ಲಿರುವ ವಿಮಾನದ ಮೇಲೆ ಯಾರ ಹತೋಟಿಯೂ ಇಲ್ಲ. ಅನುಭವಿಗಳು ಆಗ ಹಿಂದಕ್ಕೆ ಸರಸರ ಹೆಜ್ಜೆ ಹಾಕುತ್ತಾರೆ. ನಾಲ್ಕು ಹೆಜ್ಜೆಯಲ್ಲಿ ಉಳಿದುಕೊಂಡ ವಿಮಾನಗಳನ್ನು ನಾನು ನೋಡಿದ್ದೇನೆ, ಐದನೆಯದಕ್ಕೆ ಸಮಯ ಸಾಲದೆ ಹೋದವನ್ನೂ.

ಎಳೆತ ಹೋದರೆ ಹತೋಟಿ ಹೋಗುವುದೇಕೆ ಎಂಬುದು ಈ ವಿದ್ಯೆಯ ಒಳಗುಟ್ಟು. ತಂತಿ ಇರುವುದು ವಿಮಾನ ಓಡಿಹೋಗದಂತೆ ಕಟ್ಟಿಡಲು, ತಿರುಗಿಸುವ ಶಕ್ತಿ ನಮ್ಮ ಮಣಿಕಟ್ಟಿನದು ಎಂದು ನಾನು ಕೆಡೆಟ್ ದಿನಗಳಲ್ಲಿ ನಂಬಿದ್ದೆ. ನಿಜ ಹಾಗಿಲ್ಲ. ಹ್ಯಾಂಡಲನ್ನು ಎಷ್ಟೇ ಬಾಗಿಸಿದರೂ ಒಟ್ಟು ಎಳೆತ ಹೆಚ್ಚುವುದಿಲ್ಲ. ಇರುವ ಎಳೆತವನ್ನು ಎರಡು ತಂತಿಗಳ ನಡುವೆ ಹಂಚುವುದಷ್ಟೇ ನಮ್ಮ ಕೈಲಾಗುವುದು. ಸಮಮಟ್ಟದಲ್ಲಿ ಒಂದೊಂದಕ್ಕೆ ಎರಡೂವರೆ ಕಿಲೋ. ಪೂರ್ತಿ ಬಾಗಿಸಿದರೆ ಒಂದಕ್ಕೆ ಐದು, ಇನ್ನೊಂದಕ್ಕೆ ಏನೂ ಇಲ್ಲ. ಅದಕ್ಕಿಂತ ಹೆಚ್ಚಿಗೆ ಬಾಗಿಸಿದರೆ ಒಂದು ತಂತಿ ಸಡಿಲಾಗುತ್ತದೆಯೇ ಹೊರತು ಎಲಿವೇಟರ್ ಕದಲುವುದಿಲ್ಲ. ಎದುರುಗಾಳಿ ಎಲಿವೇಟರನ್ನೂ ರೆಕ್ಕೆಯ ಹಿಂದಂಚಿನ ಫ್ಲ್ಯಾಪನ್ನೂ ವಾಪಸು ತಳ್ಳುವ ಬಲ ಈ ಮಿತಿಯನ್ನು ಮುಟ್ಟಿದರೆ ಆಜ್ಞೆ ಅಲ್ಲಿಗೇ ನಿಲ್ಲುತ್ತದೆ. ಬಿಲ್ ನೆಟ್ಜೆಬಾಂಡ್ ಎಂಬ ಅಮೆರಿಕನ್ ಹವ್ಯಾಸಿ ಇದನ್ನು ಲೆಕ್ಕ ಹಾಕಿ ತೋರಿಸಿದ. ಹಾರಿಸುವವರು ಇಂದಿಗೂ ಅದನ್ನು ‘ನೆಟ್ಜೆಬಾಂಡ್ ಗೋಡೆ’ ಎಂದೇ ಕರೆಯುತ್ತಾರೆ. ಬೆಲ್‌ಕ್ರ್ಯಾಂಕಿನ ತೋಳು ಉದ್ದವಿದ್ದಷ್ಟೂ ಅದೇ ಎಳೆತಕ್ಕೆ ಹೆಚ್ಚು ತಿರುಗುಬಲ ಸಿಗುತ್ತದೆ. ಹಿಂದೆ ಮೂರು ಇಂಚು ಇದ್ದ ಬೆಲ್‌ಕ್ರ್ಯಾಂಕ್ ಈಗ ದೊಡ್ಡ ವಿಮಾನಗಳಲ್ಲಿ ನಾಲ್ಕು ಇಂಚಾಗಿರುವುದು ಅದಕ್ಕೇ. ವಿಮಾನವನ್ನು ಹಿಡಿದಿಡುವ ಬಲವೇ ಅದನ್ನು ತಿರುಗಿಸುವ ಬಂಡವಾಳ ಕೂಡ. ಇದು ತಲೆಗೆ ಹೋದ ದಿನ ನಾನು ಹ್ಯಾಂಡಲ್ ಹಿಡಿಯುವ ರೀತಿಯೇ ಬದಲಾಯಿತು.

ಇನ್ನು ಸ್ಪರ್ಧೆಯ ಮಾತು. ಅಂತರರಾಷ್ಟ್ರೀಯ ವಿಮಾನಕ್ರೀಡಾ ಸಂಸ್ಥೆಯಾದ ಎಫ್‌ಎಐ ಕಂಟ್ರೋಲ್ ಲೈನ್‌ನ ಕಸರತ್ತಿನ (ಸ್ಟಂಟ್) ಹಾರಾಟಕ್ಕೆ ಎಫ್2ಬಿ ಎಂಬ ಗುರುತು ಕೊಟ್ಟಿದೆ. 1960ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯ ಕೊನೆಯಲ್ಲಿ ಗೆದ್ದವರಿಗೆ ಸಿಗುವ ಟ್ರೋಫಿಗೆ ಜಿಮ್ ವಾಕರ್‌ನ ಹೆಸರಿದೆ. ಆ ಸ್ಪರ್ಧೆ ನಡೆಯುವುದು ಇಂಡಿಯಾನಾದ ಮನ್ಸೀ ಎಂಬ ಊರಿನಲ್ಲಿ, ಮಾದರಿ ವಿಮಾನಗಳಿಗೆಂದೇ ಮೀಸಲಾದ ಸಾವಿರ ಎಕರೆಗೂ ಮಿಕ್ಕ ಬಯಲಿನಲ್ಲಿ. ಹಾರಿಸಬೇಕಾದ ಆಕೃತಿಗಳ ಪಟ್ಟಿ 1950ರ ದಶಕದ ಕೊನೆಯಿಂದ ಹೆಚ್ಚು ಬದಲಾಗಿಲ್ಲ: ಮೇಲೆದ್ದು ನೆತ್ತಿ ದಾಟಿ ಬೋರಲಾಗುವುದು, ಒಳಲಾಗ ಮೂರು, ತಲೆಕೆಳಗಾಗಿ ಎರಡು ಸುತ್ತು, ಹೊರಲಾಗ ಮೂರು, ಆಮೇಲೆ ಚೌಕಗಳು, ತ್ರಿಕೋನಗಳು, ಮಲಗಿದ ಎಂಟು, ನಿಂತ ಎಂಟು, ಮರಳುಗಡಿಯಾರ, ನೆತ್ತಿಯ ಮೇಲಿನ ಎಂಟು, ಕೊನೆಗೆ ನಾಲ್ಕೆಸಳಿನ ಕ್ಲೋವರ್ ಎಲೆ. ಎಫ್2ಬಿಯಲ್ಲಿ ಏಳು ನಿಮಿಷದೊಳಗೆ ಎಲ್ಲ ಮುಗಿದು ವಿಮಾನ ನೆಲದಲ್ಲಿರಬೇಕು. ಪ್ರತಿ ಆಕೃತಿಯ ತಳ ನೆಲದಿಂದ ಒಂದೂವರೆ ಮೀಟರ್, ಲಾಗಗಳ ನೆತ್ತಿ 45 ಡಿಗ್ರಿ ಎತ್ತರ. ರಂಗೋಲಿಯ ಚುಕ್ಕಿಗಳಿದ್ದಂತೆ ಇವು. ಗೆರೆ ಚುಕ್ಕಿ ತಪ್ಪಿದರೆ ತೀರ್ಪುಗಾರನ ಪೆನ್ಸಿಲ್ ಅಂಕ ಕತ್ತರಿಸುತ್ತದೆ.

ದುಂಡನೆಯ ಲಾಗದಲ್ಲೇ ರೆಕ್ಕೆಯ ಮೇಲೆ ಎಷ್ಟು ಹೊರೆ ಬೀಳುತ್ತದೆ ನೋಡಿ. 45 ಡಿಗ್ರಿ ಎತ್ತರದ ಲಾಗಕ್ಕೆ 20 ಮೀಟರ್ ತಂತಿಯಲ್ಲಿ ಸಿಗುವ ತ್ರಿಜ್ಯ ಏಳೂವರೆ ಮೀಟರ್‌ಗೆ ತುಸು ಮೇಲೆ. ಸೆಕೆಂಡಿಗೆ 24 ಮೀಟರ್ ವೇಗದಲ್ಲಿ ಆ ತಿರುವು ತೆಗೆಯಲು ರೆಕ್ಕೆ ಗುರುತ್ವದ ಏಳು ಪಟ್ಟು ಬಲ ಹುಟ್ಟಿಸಬೇಕು. ತಳದಲ್ಲಿ ವಿಮಾನದ ತೂಕವೂ ಸೇರಿ ಎಂಟು ಪಟ್ಟಾಗುತ್ತದೆ. 1.8 ಕಿಲೋದ ವಿಮಾನದ ರೆಕ್ಕೆ ಆ ಹೊತ್ತಿನಲ್ಲಿ 14 ಕಿಲೋ ಹೊರುತ್ತಿರುತ್ತದೆ. ಬಾಲ್ಸಾ ಮರದ ಹಾಳೆ, ಕಾಗದ, ಬಣ್ಣ, ಅಷ್ಟರಿಂದ ಮಾಡಿದ ರೆಕ್ಕೆ ಅದು.

ಚೌಕದ ಮೂಲೆ ಇನ್ನೂ ಕಠಿಣ. ಅಲ್ಲಿ ನಿಯಮದ ಪುಸ್ತಕ ಕೇಳುವ ತ್ರಿಜ್ಯ ಸುಮಾರು ಒಂದೂವರೆ ಮೀಟರ್. ಲೆಕ್ಕ ಮಾಡಿದರೆ ಗುರುತ್ವದ ನಲವತ್ತು ಪಟ್ಟು! ಯಾವ ಮಾದರಿ ವಿಮಾನದ ರೆಕ್ಕೆಗೂ ಅಷ್ಟು ಬಲ ಹುಟ್ಟಿಸಲಾಗದು. ಹಾಗಾದರೆ ಎಷ್ಟು ಸಾಧ್ಯ? ಇಲ್ಲಿ ಒಂದು ಸೊಗಸಾದ ಸಂಗತಿ ಹೊರಬೀಳುತ್ತದೆ. ವೇಗ ಹೆಚ್ಚಿದರೆ ತಿರುಗಲು ಬೇಕಾದ ಬಲ ವೇಗದ ವರ್ಗದಂತೆ ಹೆಚ್ಚುತ್ತದೆ. ರೆಕ್ಕೆ ಕೊಡಬಲ್ಲ ಬಲವೂ ವೇಗದ ವರ್ಗದಂತೆಯೇ ಹೆಚ್ಚುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ವಿಮಾನ ತಿರುಗಬಲ್ಲ ಅತಿ ಸಣ್ಣ ತ್ರಿಜ್ಯಕ್ಕೂ ಅದರ ವೇಗಕ್ಕೂ ಸಂಬಂಧವೇ ಇಲ್ಲ. ಅದು ನಿಂತಿರುವುದು ವಿಮಾನದ ತೂಕ, ರೆಕ್ಕೆಯ ವಿಸ್ತೀರ್ಣ, ರೆಕ್ಕೆಯ ಆಕಾರ, ಗಾಳಿಯ ಸಾಂದ್ರತೆ, ಈ ನಾಲ್ಕರ ಮೇಲೆ. ನನ್ನ ವಿಮಾನದ ರೆಕ್ಕೆ 0.43 ಚದರ ಮೀಟರ್. ಫ್ಲ್ಯಾಪ್ ಪೂರ್ತಿ ಇಳಿದಾಗಿನ ಎತ್ತುಬಲದ ಗುಣಾಂಕ ಒಂದೂವರೆ ಎಂದು ಉದಾರವಾಗಿಯೇ ಹಿಡಿದರೂ ಬರುವ ಉತ್ತರ ನಾಲ್ಕೂವರೆ ಮೀಟರ್. ಪುಸ್ತಕ ಕೇಳಿದ್ದರ ಮೂರು ಪಟ್ಟು.

ಆದರೂ ಒಳ್ಳೆಯವರು ಹಾರಿಸಿದಾಗ ಆಕಾಶದಲ್ಲಿ ಚೌಕ ಕಾಣುತ್ತದೆ. ಸುಮಾರು ಹದಿನೈದು ಮೀಟರ್‌ನ ಬದಿಯಲ್ಲಿ ಎರಡು ಮೂಲೆಗಳ ಬಾಗು ಕಳೆದರೆ ಉಳಿಯುವ ನೇರ ಗೆರೆ ಆರು-ಏಳು ಮೀಟರ್, ಕಾಲು ಸೆಕೆಂಡಿನ ದಾರಿ. ಆ ಕಾಲು ಸೆಕೆಂಡಿನಲ್ಲಿ ವಿಮಾನ ಕುಲುಕದೆ, ಮೂಗು ಅತ್ತಿತ್ತ ಆಡಿಸದೆ, ಚಾಕುವಿನಲ್ಲಿ ಕೊಯ್ದಂತೆ ನೇರ ಹೋದರೆ ನೋಡುವ ಕಣ್ಣು ಉಳಿದದ್ದನ್ನು ತಾನೇ ಚೌಕವಾಗಿ ತುಂಬಿಕೊಳ್ಳುತ್ತದೆ. ಮೂಲೆ ಎಷ್ಟು ಚಿಕ್ಕದು ಎನ್ನುವುದಕ್ಕಿಂತ ಮೂಲೆಯಿಂದ ಹೊರಬರುವುದು ಎಷ್ಟು ಸ್ವಚ್ಛ ಎನ್ನುವುದೇ ಅಂಕ ತರುವುದು. ಮರಳಿ ಬಂದ ಹೊಸದರಲ್ಲಿ ನಾನು ಮಣಿಕಟ್ಟನ್ನು ಜೋರಾಗಿ ಜಾಡಿಸಿ ಮೂಲೆ ಚಿಕ್ಕದು ಮಾಡಲು ಹೆಣಗಿದೆ. ರೆಕ್ಕೆಯ ಮೇಲಿನ ಗಾಳಿ ಮೈಬಿಟ್ಟು, ಅಂದರೆ ಸ್ಟಾಲ್ ಆಗಿ, ಮೂಲೆ ಇನ್ನಷ್ಟು ದೊಡ್ಡದಾಗುತ್ತಿತ್ತು. ಆ ಹಿರಿಯರು ಏನೂ ಹೇಳದೆ ನನ್ನ ವಿಮಾನವನ್ನು ತಕ್ಕಡಿಯ ಮೇಲಿಟ್ಟು ತೋರಿಸಿದರು. ಇರಬೇಕಾದ್ದಕ್ಕಿಂತ ಇನ್ನೂರು ಗ್ರಾಂ ಹೆಚ್ಚಿತ್ತು.

ತೂಕವನ್ನು ಶೇಕಡಾ ಹತ್ತು ಇಳಿಸಿದರೆ ಮೂಲೆಯ ತ್ರಿಜ್ಯವೂ ಶೇಕಡಾ ಹತ್ತು ಇಳಿಯುತ್ತದೆ. ಹೀಗಾಗಿ ಈ ಜನ ಮರ ಆರಿಸುವಾಗ ಅಕ್ಕಸಾಲಿಗರಾಗುತ್ತಾರೆ. ಬಾಲ್ಸಾ ಹೆಚ್ಚಾಗಿ ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ. ಹಗುರವಾದ ಹಾಳೆ ತೇಗದ ಆರನೆಯ ಒಂದು ಭಾಗವೂ ತೂಗದು. ಅಂಗಡಿಯಲ್ಲಿ ಒಂದೊಂದೇ ಹಾಳೆಯನ್ನು ತೂಗಿ, ಬೆಳಕಿಗೆ ಹಿಡಿದು ಎಳೆ ನೋಡಿ ಆರಿಸುವವರನ್ನು ನೋಡುತ್ತ ನಾನು ಗಂಟೆಗಟ್ಟಲೆ ನಿಂತಿದ್ದೇನೆ. ಫ್ಲ್ಯಾಪ್‌ನ ಕತೆಯೂ ಇದರೊಟ್ಟಿಗೇ ಬರುತ್ತದೆ. ಎಲಿವೇಟರ್ ಏರಿದಾಗ ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ ತಾನಾಗಿ ಇಳಿಯುವಂತೆ ಎರಡನ್ನೂ ಒಂದೇ ಸನ್ನೆಗೆ ಜೋಡಿಸುವ ಪದ್ಧತಿ ಬಾಬ್ ಪಾಮರ್, ಜಾರ್ಜ್ ಆಲ್‌ಡ್ರಿಚ್ ಮುಂತಾದವರ ವಿನ್ಯಾಸಗಳಿಂದ ನೆಲೆಯೂರಿತು. ಟೆಕ್ಸಸ್‌ನ ಆಲ್‌ಡ್ರಿಚ್ 1950ರ ದಶಕದ ಆರಂಭದಲ್ಲಿ ರೂಪಿಸಿದ ‘ನೋಬ್ಲರ್’ ವಿಮಾನವನ್ನು ಜನ ಇವತ್ತಿಗೂ ಕಟ್ಟುತ್ತಾರೆ. ದಪ್ಪ ರೆಕ್ಕೆ, ಮೇಲೂ ಕೆಳಗೂ ಒಂದೇ ಉಬ್ಬು, ಏಕೆಂದರೆ ಅರ್ಧ ಹಾರಾಟ ತಲೆಕೆಳಗಾಗಿಯೇ ನಡೆಯುತ್ತದೆ.

ನಾಲ್ಕನೆಯ ಅಂಶವಾದ ಗಾಳಿಯ ಸಾಂದ್ರತೆ ನಮ್ಮ ಊರಿಗೇ ಸಂಬಂಧಿಸಿದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇಕಡಾ ಎಂಟು-ಒಂಬತ್ತು ತೆಳು. ಅದೇ ವಿಮಾನ, ಅದೇ ಕೈ. ಬೆಂಗಳೂರಿನಲ್ಲಿ ಮೂಲೆ ಅಷ್ಟೇ ಶೇಕಡಾ ದೊಡ್ಡದು. ರಜೆಗೆ ಬಂದಾಗ ವಿಮಾನವನ್ನು ಪೆಟ್ಟಿಗೆಯಲ್ಲಿ ತಂದು ಹಾರಿಸಿ ನೋಡಿದೆ. ಕೈಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಕೆಡೆಟ್ ದಿನಗಳಲ್ಲಿ ನಾವು ಹಾರಿಸುತ್ತಿದ್ದದ್ದು ಪುಟ್ಟ ಡೀಸೆಲ್ ಎಂಜಿನ್‌ಗಳನ್ನು. ಅವುಗಳ ಇಂಧನ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರೂ ಹೆಚ್ಚುಕಡಿಮೆ ಸಮಪಾಲು. ಅಮೆರಿಕದ ಗ್ಲೋ ಎಂಜಿನ್‌ಗಳಿಗೆ ಮೆಥನಾಲ್ ಇಂಧನ, ಆದರೆ ಹರಳೆಣ್ಣೆ ಅಲ್ಲೂ ಬೇಕು. ಅಜ್ಜಿ ನಮ್ಮ ತಲೆಗೆ ತಟ್ಟುತ್ತಿದ್ದ, ಹೊಟ್ಟೆ ಕಟ್ಟಿದಾಗ ಕುಡಿಸುತ್ತಿದ್ದ ಅದೇ ಎಣ್ಣೆ. ಅದು ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ, ಬಿಸಿಯೇರಿದರೂ ಲೋಹದ ಮೇಲಿನ ತನ್ನ ಪೊರೆ ಬಿಡುವುದಿಲ್ಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳೂ ಇದನ್ನೇ ಕುಡಿದವು. ಜಗತ್ತಿನಲ್ಲಿ ಹರಳನ್ನು ಅತಿ ಹೆಚ್ಚು ಬೆಳೆಯುವ ದೇಶ ನಮ್ಮದು. ಇಂಡಿಯಾನಾದ ಆ ಬಯಲಿನಲ್ಲಿ ಮೊದಲ ಎಂಜಿನ್ ಕೆಮ್ಮಿ ಹೊಗೆಯುಗುಳಿದಾಗ ನನಗೆ ಬಂದದ್ದು ಅಡುಗೆಮನೆಯ ಹಿಂದಿನ ಬಚ್ಚಲೊಲೆಯ ನೆನಪು.

1940ರ ದಶಕದ ಕೊನೆಗೆ ಬಂದ ಫಾಕ್ಸ್ 35 ಎಂಬ ಎಂಜಿನ್ ಸ್ಟಂಟ್ ಹಾರಾಟದ ಸದ್ದನ್ನೇ ರೂಪಿಸಿತು. ಇಂಧನ ತುಸು ಹೆಚ್ಚು ಬಿಟ್ಟು ಅದನ್ನು ಹೊಂದಿಸುತ್ತಾರೆ. ಸಮಮಟ್ಟದಲ್ಲಿ ಮಿಶ್ರಣ ಮಂದವಾಗಿ ಒಂದು ಸುತ್ತು ಬಿಟ್ಟು ಒಂದು ಸುತ್ತಿಗಷ್ಟೇ ಉರಿಯುತ್ತದೆ, ಸದ್ದು ಗಡುಸು. ಮೂತಿ ಎತ್ತಿದೊಡನೆ ಪ್ರೊಪೆಲ್ಲರಿನ ಮೇಲೆ ಹೊರೆ ಬಿದ್ದು, ಎಂಜಿನ್ ಬಿಸಿಯಾಗಿ, ಇಂಧನದ ಹರಿವು ಬದಲಾಗಿ, ಪ್ರತಿ ಸುತ್ತಿಗೂ ಉರಿಯತೊಡಗುತ್ತದೆ. ಸದ್ದು ಚುರುಕಾಗಿ ಬಲ ಉಕ್ಕುತ್ತದೆ. ಇಳಿಯುವಾಗ ಮತ್ತೆ ಗಡುಸು. ಬಲ ಬೇಕಾದಲ್ಲಿ ಬಂದು, ಬೇಡವಾದಲ್ಲಿ ತಾನೇ ಹಿಂದೆ ಸರಿಯುವ ಈ ಗುಣದಿಂದ ಲಾಗದ ವೇಗ ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ವೇಗ ಒಂದೇ ಇದ್ದರೆ ಎಳೆತ ನೆಚ್ಚಬಹುದಾದದ್ದು. ಈಗ ಸ್ಪರ್ಧೆಗಳಲ್ಲಿ ವಿದ್ಯುತ್ ಮೋಟರ್‌ಗಳು ಬಹುಮಟ್ಟಿಗೆ ಆ ಜಾಗ ಹಿಡಿದಿವೆ. ಮೋಟರಿನ ಸುತ್ತುವೇಗವನ್ನು ಎಲೆಕ್ಟ್ರಾನಿಕ್ ಗವರ್ನರ್ ಕಾಯುತ್ತದೆ. ಇಂಧನ ಉರಿದು ಖಾಲಿಯಾಗುವ ಪ್ರಶ್ನೆಯಿಲ್ಲ. ಎಂಜಿನ್ ವಿಮಾನದಲ್ಲಿ ಮೂತಿಯ ಕಡೆಯ ಟ್ಯಾಂಕ್ ಬರಿದಾಗುತ್ತ ತೂಕದ ಕೇಂದ್ರ ಹಿಂದಕ್ಕೆ ಜರುಗಿ, ಅತಿ ಕಷ್ಟದ ಆಕೃತಿಗಳ ಹೊತ್ತಿಗೆ ವಿಮಾನ ತುಸು ಹುಚ್ಚುಹುಚ್ಚಾಗಿ ತಿರುಗುತ್ತಿತ್ತು. ಬ್ಯಾಟರಿ ವಿಮಾನ ಮೊದಲಿನಿಂದ ಕೊನೆಯವರೆಗೆ ಒಂದೇ ವಿಮಾನ. ಹೀಗಿದ್ದರೂ ಎಣ್ಣೆಯ ಹೊಗೆಯನ್ನು ಬಿಡಲಾರದವರಿಗಾಗಿ ಹಳೆಯ ವಿನ್ಯಾಸಗಳ ಸ್ಪರ್ಧೆಗಳಿವೆ: 1953ಕ್ಕಿಂತ ಹಿಂದಿನವಕ್ಕೆ ‘ಓಲ್ಡ್ ಟೈಮ್’, 1970ಕ್ಕಿಂತ ಹಿಂದಿನವಕ್ಕೆ ‘ಕ್ಲಾಸಿಕ್’. ನನ್ನಂತೆ ದಶಕಗಳ ನಂತರ ಮರಳಿದವರು ಮೊದಲು ಸೇರುವುದು ಈ ಗುಂಪುಗಳಿಗೇ. ಹುಡುಗರಾಗಿದ್ದಾಗ ಕೊಳ್ಳಲಾಗದೆ ಅಂಗಡಿಯ ಗಾಜಿನಾಚೆ ನೋಡಿದ್ದ ವಿಮಾನವನ್ನು ಈಗ ತಾವೇ ಕಟ್ಟಿ ತಂದಿರುತ್ತಾರೆ.

ಹೊರಲಾಗದಲ್ಲಿ, ಅಂದರೆ ಮೂತಿಯನ್ನು ಕೆಳಕ್ಕೆ ಒತ್ತಿ ತಿರುಗುವ ಲಾಗದಲ್ಲಿ, ತಂತಿ ಸಡಿಲಾಗುವ ಅನುಭವ ಎಲ್ಲರಿಗೂ ಆಗುತ್ತದೆ. ಕಾರಣ ಬುಗುರಿಯಲ್ಲಿದೆ. ತಿರುಗುತ್ತಿರುವ ಬುಗುರಿಯ ತಲೆಯನ್ನು ಒಂದು ಕಡೆಗೆ ತಳ್ಳಿದರೆ ಅದು ತಳ್ಳಿದ ಕಡೆಗೆ ವಾಲದೆ, ಅಡ್ಡಕ್ಕೆ ಸರಿಯುತ್ತದೆ. ಪ್ರೊಪೆಲ್ಲರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬುಗುರಿ. ಮೂತಿಯನ್ನು ಥಟ್ಟನೆ ಮೇಲೆತ್ತಿದರೆ ಅದು ಬಲಕ್ಕೆ, ಅಂದರೆ ವೃತ್ತದ ಹೊರಕ್ಕೆ ತಿರುಗುತ್ತದೆ, ತಂತಿ ಬಿಗಿಯಾಗುತ್ತದೆ. ಥಟ್ಟನೆ ಕೆಳಗೊತ್ತಿದರೆ ಎಡಕ್ಕೆ, ನನ್ನ ಕಡೆಗೆ, ತಂತಿ ಸಡಿಲ. ಎರಡನೆಯ ಮಹಾಯುದ್ಧದ ಕಾಲದ ಮಸ್ಟ್ಯಾಂಗ್, ಬೇರ್‌ಕ್ಯಾಟ್ ಮುಂತಾದ ವಿಮಾನಗಳ ಹೋಲಿಕೆಯಲ್ಲಿ ಸ್ಟಂಟ್ ವಿಮಾನ ಕಟ್ಟಿ ಹೆಸರಾದ ಅಲ್ ರೇಬ್ ಇದಕ್ಕೊಂದು ಉಪಾಯ ಕಂಡುಹಿಡಿದ: ಎಲಿವೇಟರಿನ ಜೊತೆಗೇ ಚೂರು ಅಲುಗುವ ರಡರ್. ಬುಗುರಿ ಎಡಕ್ಕೆ ಎಳೆದಾಗ ಅದು ಬಲಕ್ಕೆ ತಳ್ಳುತ್ತದೆ. ಎಂಜಿನನ್ನು ಒಂದಿಷ್ಟು ಹೊರಕ್ಕೆ ಮುಖ ಮಾಡಿಸುವುದು, ಹೊರರೆಕ್ಕೆಯ ತುದಿಗೆ ಸೀಸದ ಚೂರು ಇಟ್ಟು ತಂತಿಗಳ ತೂಕವನ್ನು ಸರಿದೂಗಿಸುವುದು, ತಂತಿ ಹೊರಬರುವ ತೂತುಗಳನ್ನು ಹಿಂದೆಮುಂದೆ ಜರುಗಿಸುವುದು, ಎಲ್ಲದರ ಗುರಿಯೂ ಒಂದೇ, ಎಳೆತ ಕಾಯುವುದು.

ಇಷ್ಟೆಲ್ಲ ವಿಮಾನದ ವಿಷಯವಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಮನುಷ್ಯನ ಲೆಕ್ಕ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಐದನೆಯ ಒಂದು ಸೆಕೆಂಡಾದರೂ ಬೇಕು; ವಯಸ್ಸಾದಂತೆ ಇನ್ನೂ ಹೆಚ್ಚು. ಅಷ್ಟರಲ್ಲಿ ವಿಮಾನ ಐದು ಮೀಟರ್ ಹೋಗಿಬಿಟ್ಟಿರುತ್ತದೆ. ಚೌಕದಲ್ಲಿ ನೇರ ಕೆಳಕ್ಕೆ ಧುಮುಕುವ ವಿಮಾನ ಒಂದೂವರೆ ಮೀಟರ್ ಎತ್ತರದಲ್ಲಿ ಸಮವಾಗಬೇಕು. ಮೂಲೆಗೆ ನಾಲ್ಕೂವರೆ ಬೇಕಾದ್ದರಿಂದ ಆರು ಮೀಟರ್ ಎತ್ತರದಲ್ಲೇ ಎಲಿವೇಟರ್ ತಿರುಗಬೇಕು. ಅಲ್ಲಿ ತಿರುಗಬೇಕಾದರೆ ಮಿದುಳಿನಿಂದ ಆಜ್ಞೆ ಹೊರಡಬೇಕಾದ್ದು ಹನ್ನೊಂದು ಮೀಟರ್ ಎತ್ತರದಲ್ಲಿ, ವಿಮಾನ ಮೇಲಿನ ಮೂಲೆಯಿಂದ ಆಗಷ್ಟೇ ಹೊರಬರುತ್ತಿರುವಾಗ. ನೋಡಿ ನಿರ್ಧರಿಸಲು ಅಲ್ಲಿ ಸಮಯವೇ ಇಲ್ಲ. ಎಪ್ಪತ್ತು ದಾಟಿದವರೂ ಈ ಕ್ರೀಡೆಯಲ್ಲಿ ಇಪ್ಪತ್ತರ ಹುಡುಗರಿಗೆ ಸಮನಾಗಿ ನಿಲ್ಲುವುದರ ಕಾರಣ ಇದೇ ಎಂದು ನನಗೆ ತೋರುತ್ತದೆ. ಚುರುಕು ಕಡಿಮೆಯಾದರೂ ಕೈಗೆ ಮುಂದಿನದು ಗೊತ್ತು. ಮೃದಂಗ ನುಡಿಸುವವರು ಮುಂದಿನ ಪೆಟ್ಟನ್ನು ಕೇಳಿ ಬಾರಿಸುವುದಿಲ್ಲವಷ್ಟೆ.

ನನ್ನ ಕೈಯಲ್ಲಿ ಆ ನೆನಪು ಎಷ್ಟು ಉಳಿದಿತ್ತು? ನನ್ನದೇ ವಿಮಾನ ಕಟ್ಟಿ ಹಾರಿಸಿದ ಮೊದಲ ದಿನವೇ ಏರಿಸುವುದು, ಇಳಿಸುವುದು, ಒಳಲಾಗ, ಎಲ್ಲ ತಾನಾಗಿ ಬಂತು, ಈಜು ಮರೆಯದಂತೆ. ತಲೆ ಮಾತ್ರ ಸುತ್ತಿತು. ಒಳಕಿವಿಯ ಅರ್ಧವೃತ್ತ ನಾಳಗಳಲ್ಲಿನ ದ್ರವ ಸುತ್ತಿಗೆ ಹೊಂದಿಕೊಂಡುಬಿಟ್ಟಿರುತ್ತದೆ; ನಿಂತೊಡನೆ ಅದು ಮುಂದೆ ಹರಿದು, ಲೋಕ ತಿರುಗಿದಂತೆನಿಸುತ್ತದೆ. ವಿಮಾನದ ಮೇಲಿಂದ ಕಣ್ಣು ತೆಗೆಯದಿದ್ದರೆ ಅದು ಬಹಳ ಕಡಿಮೆ. ಮಂಡಿ ಊರಿ ಗಿರಕಿ ಹೊಡೆಯುವ ಬಡಗುತಿಟ್ಟು ಯಕ್ಷಗಾನದ ವೇಷಧಾರಿಗಳ ದೇಹಕ್ಕೆ ಅಭ್ಯಾಸವಾದಂತೆ, ವಾರ ಎರಡು ವಾರದಲ್ಲಿ ನನಗೂ ಹೋಯಿತು. ತಲೆಕೆಳಗಿನ ಹಾರಾಟ ಮಾತ್ರ ಪೂರ್ತಿ ಅಳಿಸಿಹೋಗಿತ್ತು. ಅಲ್ಲಿ ಮೇಲೆ ಎಂದರೆ ಕೆಳಗೆ, ಕೆಳಗೆ ಎಂದರೆ ಮೇಲೆ. ಮೂರನೆಯ ವಾರ ತಲೆಕೆಳಗಾಗಿ ಹಾರುತ್ತಿದ್ದ ವಿಮಾನ ಸ್ವಲ್ಪ ಇಳಿದಾಗ ಕೈ ಮೂವತ್ತೊಂದು ವರ್ಷದ ಹಿಂದಿನ ಪಾಠವನ್ನು ಮರೆತು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿತು. ನಾಲ್ಕು ತಿಂಗಳು ಕಟ್ಟಿದ್ದ ವಿಮಾನ ಹುಲ್ಲಿನಲ್ಲಿ ಚದುರಿತು. ಬಾಲ್ಸಾದ ಚೂರುಗಳನ್ನು ಆರಿಸಿ ಚೀಲಕ್ಕೆ ತುಂಬುವಾಗ ಅತ್ತೆ. ನಾಚಿಕೆಯಾಗಲಿಲ್ಲ. ಮತ್ತೊಂದನ್ನು ಕಟ್ಟಿದೆ, ಇನ್ನೂರು ಗ್ರಾಂ ಹಗುರವಾಗಿ.

ಎರಡನೆಯ ಬೇಸಿಗೆಯಲ್ಲಿ ಬಿಗಿನರ್ ವರ್ಗದ ಸ್ಪರ್ಧೆಗೆ ಹೆಸರು ಕೊಟ್ಟೆ. ಪಶ್ಚಿಮದಿಂದ ಗಾಳಿ. ಗಾಳಿಗೆ ಬೆನ್ನು ಕೊಟ್ಟು, ವಿಮಾನ ನನ್ನಿಂದ ಆಚೆಗೆ ತಳ್ಳಿಸಿಕೊಳ್ಳುವ ಕಡೆಯಲ್ಲೇ ಆಕೃತಿ ಹಾಕಬೇಕು. ಗಾಳಿಯೂ ಎಳೆತಕ್ಕೆ ಕೈಜೋಡಿಸುತ್ತದೆ. ಒಳಲಾಗಗಳು ದುಂಡಗೆ ಬಂದವು. ತಲೆಕೆಳಗಿನ ಎರಡು ಸುತ್ತುಗಳಲ್ಲಿ ಉಸಿರಾಡಿದ ನೆನಪಿಲ್ಲ. ಮೂರನೆಯ ಹೊರಲಾಗದ ನೆತ್ತಿಯಲ್ಲಿ ಅಂಗೈಯೊಳಗಿನ ಐದು ಕಿಲೋ ಒಮ್ಮೆಲೇ ಹಗುರಾಯಿತು. ತಲೆ ಏನನ್ನೂ ಲೆಕ್ಕ ಹಾಕುವ ಮೊದಲೇ ಕಾಲು ಎರಡು ಹೆಜ್ಜೆ ಹಿಂದೆ ಹೋಗಿತ್ತು. ಮೂರನೆಯದಕ್ಕೆ ತಂತಿ ಬಿಗಿಯಾಗಿ ಎಳೆತ ಮರಳಿ ಬಂತು. ಇಳಿಸಿ, ಪಟ್ಟಿ ಬಿಚ್ಚಿ, ಅಂಗೈಯಲ್ಲಿ ಹ್ಯಾಂಡಲ್ ಮೂಡಿಸಿದ ಕೆಂಪು ಗೆರೆ ನೋಡಿಕೊಂಡೆ. ಆಮೇಲೆ ಎಡರೆಕ್ಕೆಯ ತುದಿಯ ಮುಚ್ಚಳ ತೆಗೆದು, ಮುಂದಿನ ಹಾರಾಟಕ್ಕೆಂದು ತಂತಿ ಹೊರಬರುವ ತೂತುಗಳನ್ನು ಮೂರು ಮಿಲಿಮೀಟರ್ ಹಿಂದಕ್ಕೆ ಜರುಗಿಸಿ ಸ್ಕ್ರೂ ಬಿಗಿ ಮಾಡತೊಡಗಿದೆ. ಆ ಹಿರಿಯರು ಪಕ್ಕದಲ್ಲಿ ಕುಳಿತು ಸ್ಕ್ರೂಡ್ರೈವರ್ ಚಾಚಿದರು.